ನರಹುಲಿಗೆ ಕುದುರೆ ಬಾಲದ ಕೂದಲು

ನರಹುಲಿಗೆ ಊರಿಗೊಂದು ಮದ್ದು. ನಮ್ಮ ಕುಂದಾಪುರದ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆ ಮುಟ್ಟಿಸುತ್ತಿದ್ದರು, ಕೆಲವರು ಸುಣ್ಣ ಹಚ್ಚುತ್ತಿದ್ದರು. ತೊಟ್ಟಿನಂತೆ ಜೋತಾಡುವುದಾದರೆ ಕುದುರೆ ಬಾಲದ ಕೂದಲು ಬಿಗಿದು, ಕಪ್ಪಾಗಿ ಉದುರುವ ತನಕ ಕಾಯುವುದು. ನಾನು ಮುಂಬಯಿಗೆ ಬಂದು ಮೂವತ್ತೈದು ವರ್ಷ ಆಯಿತು. ಮಾಟುಂಗಾದಲ್ಲಿ ಸಿಗುವ ನಮ್ಮೂರಿನವರು ಈಗಲೂ ಇದನ್ನೇ ಹೇಳುತ್ತಾರೆ. "ನನ್ನದು ಹೋಯ್ತಲ್ಲ ಮಾರಾಯ್ರೆ!" ಸುಳ್ಳಲ್ಲ, ಹೋಗಿರುತ್ತದೆ. ಯಾಕೆ ಹೋಯಿತು ಅನ್ನುವುದೇ ಕಥೆ.

ಸುಡುವ ವಿದ್ಯೆ ಬಹಳ ಹಳೆಯದು. ಮಷಕ, ತಿಲಕಾಲಕಗಳನ್ನು ಕೆತ್ತಿ ತೆಗೆದು ಕ್ಷಾರದಿಂದಲೋ ಬೆಂಕಿಯಿಂದಲೋ ಸುಡಬೇಕು ಅಂತ ಸುಶ್ರುತ ಸಂಹಿತೆಯಲ್ಲಿದೆ. ಅದೂ ಮೆಲ್ಲಮೆಲ್ಲನೆ! ಈ ಎಚ್ಚರಿಕೆಯನ್ನು ನಮ್ಮ ಮನೆಮದ್ದಿನವರು ಮರೆತೇಬಿಟ್ಟರು ನೋಡಿ. 1899ರಲ್ಲಿ ನ್ಯೂಯಾರ್ಕಿನ ಕ್ಯಾಂಪ್‌ಬೆಲ್ ವೈಟ್ ದ್ರವರೂಪದ ಗಾಳಿಯಿಂದ ನರಹುಲಿಯನ್ನು ಹೆಪ್ಪುಗಟ್ಟಿಸಿ ತೆಗೆದ. ಇವತ್ತು ಡಾಕ್ಟರು ಬಳಸುವ ದ್ರವ ಸಾರಜನಕಕ್ಕೆ ಇದೇ ಅಜ್ಜ.

ಕಾರಣ ತಿಳಿದದ್ದು ಮಾತ್ರ 1907ರಲ್ಲಿ. ಇಟಲಿಯ ಚುಫೋ ಅನ್ನುವ ವೈದ್ಯ ನರಹುಲಿಯ ರಸವನ್ನು ಬ್ಯಾಕ್ಟೀರಿಯಾ ದಾಟಲಾಗದ ಸೋಸಣಿಗೆಯಲ್ಲಿ ಸೋಸಿ ತನ್ನ ಮೈಗೇ ಚುಚ್ಚಿಕೊಂಡ. ಕೆಲವು ತಿಂಗಳಲ್ಲಿ ಅಲ್ಲಿ ನರಹುಲಿ ಎದ್ದಿತು. ಅಂದರೆ ಇದು ವೈರಸ್ಸಿನ ಕೆಲಸ. ಮೈಗೆ ಆ ವೈರಸ್ಸಿನ ಗುರುತು ಹತ್ತಿದ ಮೇಲೆ ನರಹುಲಿ ತಾನಾಗಿ ಹೋಗುತ್ತದೆ. ಮಕ್ಕಳಲ್ಲಿ ಬಹುಪಾಲು ಎರಡು ವರ್ಷದೊಳಗೆ. ಆ ವಾರ ಏನು ಹಚ್ಚಿದ್ದರೋ ಅದಕ್ಕೆ ಹೆಸರು!

ಆದರೆ ಗೇರೆಣ್ಣೆ ತಮಾಷೆಯ ವಸ್ತುವಲ್ಲ, ಚರ್ಮ ಸುಡುತ್ತದೆ. ಠಾಣೆಯಲ್ಲಿದ್ದ ನನ್ನ ಸೋದರಮಾವನಿಗೆ ಸಕ್ಕರೆ ಕಾಯಿಲೆ. ಕಾಲ್ಬೆರಳ ಬುಡದ ಗಂಟಿಗೆ ವಾರವಿಡೀ ಅದನ್ನೇ ಹಚ್ಚಿದರು. ಪಾದಕ್ಕೆ ಸ್ಪರ್ಶವೇ ಇರಲಿಲ್ಲ, ನೋವೂ ತಿಳಿಯಲಿಲ್ಲ. ಕೀವಾಗಿ ಎರಡು ಬೆರಳು ತೆಗೆಯಬೇಕಾಯಿತು. ಅದು ನರಹುಲಿಯೋ ಆಣಿಯೋ, ಯಾರಿಗೂ ಗೊತ್ತಾಗಲೇ ಇಲ್ಲ.

ಕೈಕಾಲಿನ ಸಾಮಾನ್ಯ ನರಹುಲಿಗೆ ಅಂಗಡಿಯ ಸ್ಯಾಲಿಸಿಲಿಕ್ ಆಮ್ಲದ ಮದ್ದು ಸಾಕು. ಬಿಸಿನೀರಲ್ಲಿ ನೆನೆಸಿ, ಸತ್ತ ಚರ್ಮ ಉಜ್ಜಿ, ಅದರ ಮೇಲಷ್ಟೇ ಹಚ್ಚಬೇಕು, ಹಲವು ವಾರ. ಉಜ್ಜುವ ಅರವನ್ನು ಮನೆಯವರೆಲ್ಲ ಹಂಚಿಕೊಳ್ಳಬಾರದು. ಮುಖ, ಗುಪ್ತಾಂಗ, ಸಕ್ಕರೆ ಕಾಯಿಲೆಯವರ ಪಾದ ಇವಕ್ಕೆ ಮನೆಯಲ್ಲಿ ಕೈಹಾಕುವುದೇ ಬೇಡ. ಬಣ್ಣವೋ ಆಕಾರವೋ ಬದಲಾದ ಮಚ್ಚೆ, ರಕ್ತ ಒಸರುವ ಗಂಟು ಇದ್ದರೆ ಕೂದಲು ಕಟ್ಟದೆ ಚರ್ಮದ ಡಾಕ್ಟರಿಗೆ ತೋರಿಸಿ. ಅನುಮಾನ ಬಂದರೆ ಅವರು ತುಣುಕು ತೆಗೆದು ಕ್ಯಾನ್ಸರ್ ಪರೀಕ್ಷೆಗೆ ಕಳಿಸುತ್ತಾರೆ.