ಲೈಬ್ರರಿ ಮೇಷ್ಟ್ರ ಡೇಟಾ ಪಾಠ

ಲಿಂಕ್ಡ್ ಡೇಟಾ ಅಂದ ಕೂಡಲೆ ನಾವು ಸಾಫ್ಟ್‌ವೇರಿನವರು ಟಿಮ್ ಬರ್ನರ್ಸ್-ಲೀ ಹೆಸರು ಹೇಳ್ತೀವಿ. 2006ರಲ್ಲಿ ಅವರು ಕೊಟ್ಟ ನಾಲ್ಕು ನಿಯಮಗಳ ಸಾರ ಇಷ್ಟೇ: ಪ್ರತಿ ವಸ್ತುವಿಗೂ ಒಂದು ವೆಬ್ ವಿಳಾಸ ಕೊಡಿ, ಅಲ್ಲಿಗೆ ಹೋದವರಿಗೆ ಉಪಯೋಗದ ಮಾಹಿತಿ ಸಿಗಲಿ, ಅಲ್ಲಿಂದ ಬೇರೆ ವಿಳಾಸಗಳಿಗೆ ಕೊಂಡಿ ಇರಲಿ.

ಬೆಂಗಳೂರಿನಲ್ಲಿ ಈ ಪಾಠ ನಡೆಯೋ ಜಾಗಗಳಲ್ಲಿ ಒಂದು ಕಂಪ್ಯೂಟರ್ ಸೈನ್ಸ್ ವಿಭಾಗವೇ ಅಲ್ಲ. ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಆವರಣದ ಡಿಆರ್‌ಟಿಸಿ ಅದು, ಲೈಬ್ರರಿ ಸೈನ್ಸ್ ಕಲಿಸೋ ಕೇಂದ್ರ. 1962ರಲ್ಲಿ ಶುರು ಮಾಡಿದವರು ಎಸ್. ಆರ್. ರಂಗನಾಥನ್.

ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆಗಿ, ತರಬೇತಿಗೆ ಲಂಡನ್‌ಗೆ ಹೋದರು. ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ಕಣ್ಣಿಗೆ ಬಿತ್ತು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು. ಜೋಡಿಸೋ ರೀತಿ ಬದಲಾದರೆ ಬೇರೆ ಆಟಿಕೆ. ಪುಸ್ತಕದ ವಿಷಯವನ್ನೂ ಹೀಗೇ ತುಂಡುಗಳಿಂದ ಕಟ್ಟಬಹುದಲ್ಲ ಅನ್ನಿಸಿ, 1933ರಲ್ಲಿ ಕೋಲನ್ ಕ್ಲಾಸಿಫಿಕೇಶನ್ ಪ್ರಕಟಿಸಿದರು. 1950ರ ದಶಕದ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಎಕ್ಸ್‌ರೇ ಚಿಕಿತ್ಸೆ ಅನ್ನೋ ಪುಸ್ತಕಕ್ಕೆ ಸಿದ್ಧ ಗೂಡು ಹುಡುಕಬೇಕಿಲ್ಲ. ಅಂಗ, ರೋಗ, ಚಿಕಿತ್ಸೆ, ದೇಶ, ಕಾಲ, ಒಂದೊಂದನ್ನೂ ಬೇರೆಯಾಗಿ ಗುರುತಿಸಿ ಪೋಣಿಸಿದರಾಯ್ತು.

ಸೆಮ್ಯಾಂಟಿಕ್ ವೆಬ್ ಇಲ್ಲೇ ಹುಟ್ಟಿತು ಅಂತ ಎದೆ ತಟ್ಟಿಕೊಳ್ಳೋದು ಬೇಡ, ಅದು ಸುಳ್ಳಾಗುತ್ತೆ. ಆದರೆ ಜ್ಞಾನವನ್ನು ಬಿಡಿಸಿ, ಹೆಸರಿಟ್ಟು, ಸಂಬಂಧ ಬರೆಯೋ ಅಭ್ಯಾಸ ಇದ್ದ ಶಾಲೆಗೆ ಇದು ಪರಕೀಯ ಅನ್ನಿಸಲಿಲ್ಲ. 2007ರಲ್ಲಿ ಡಿಆರ್‌ಟಿಸಿ ಸೆಮ್ಯಾಂಟಿಕ್ ವೆಬ್ ಮತ್ತು ಡಿಜಿಟಲ್ ಲೈಬ್ರರಿಗಳ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನವನ್ನೇ ನಡೆಸಿತು.

ನನ್ನ ಪ್ರಕಾರ ವಿದ್ಯಾರ್ಥಿಗಳಿಗೆ ಆರ್‌ಡಿಎಫ್ ಸಿಂಟ್ಯಾಕ್ಸ್ ಕಷ್ಟವೇ ಅಲ್ಲ. ‘ಕುವೆಂಪು’, ‘ಬರೆದದ್ದು’, ‘ಮಲೆಗಳಲ್ಲಿ ಮದುಮಗಳು’: ಮೂರು ಪದದ ಒಂದು ವಾಕ್ಯ, ಅಷ್ಟೇ. ಕಷ್ಟ ಹೆಸರಿನದ್ದು. ಒಂದು ಕ್ಯಾಟಲಾಗಿನಲ್ಲಿ ಕುವೆಂಪು, ಇನ್ನೊಂದರಲ್ಲಿ ಕೆ. ವಿ. ಪುಟ್ಟಪ್ಪ, ಹಳೆಯ ಬರಹದ ಮೇಲೆ ಕಿಶೋರಚಂದ್ರವಾಣಿ. ಮೂವರೂ ಒಬ್ಬರೇ ಅಂತ ಕಂಪ್ಯೂಟರಿಗೆ ಯಾರು ಹೇಳಬೇಕು? ನಮ್ಮ ಹಳ್ಳಿ ಕಡೆ ಇದನ್ನ ವಿವರಿಸೋದೇ ಬೇಡ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದು, ಎರಡೂ ನಾನೇ ಅಂತ ಸಾಬೀತು ಮಾಡೋಕೆ ಅಲೆದವರನ್ನ ಕೇಳಿ.

ಎರಡು ದಾಖಲೆ ಒಬ್ಬರದ್ದೇ ಅಂತ ಸಾರೋದಕ್ಕೆ ಸೆಮ್ಯಾಂಟಿಕ್ ವೆಬ್‌ನಲ್ಲಿ ‘ಸೇಮ್‌ಆ್ಯಸ್’ ಅನ್ನೋ ಕೊಂಡಿ ಇದೆ. ಟೈಪ್ ಮಾಡೋಕೆ ಎರಡು ಸೆಕೆಂಡ್. ಹಾಕೋ ಮುಂಚೆ ಪುಸ್ತಕ ತೆರೆದು, ಪ್ರಕಟವಾದ ವರ್ಷ ನೋಡಿ, ಆ ಪುಟ್ಟಪ್ಪ ಈ ಪುಟ್ಟಪ್ಪನೇನಾ ಅಂತ ಖಾತ್ರಿ ಮಾಡಿಕೊಳ್ಳೋಕೆ ಕೆಲವೊಮ್ಮೆ ಒಂದು ಮಧ್ಯಾಹ್ನ ಬೇಕು.