ಸಭೆಯೊಳಗಿನ ಸ್ತ್ರೀಯರು

ಉಡುಪಿಯಲ್ಲಿ ಮಿಷನ್ ಆಸ್ಪತ್ರೆಯನ್ನು ಅರಿಯದವರು ಯಾರು? ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟರ್ ಇವಾ ಲೊಂಬಾರ್ಡ್ ಎಂಬ ಮಹಿಳೆ 1923ರಲ್ಲಿ ಅದನ್ನು ತೆರೆದರು. ಆಸ್ಪತ್ರೆಯು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಮಣಿಪಾಲದ ಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಎದ್ದದ್ದು 1953ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲೇ ಇಲ್ಲಿ ಮಹಿಳೆಯೊಬ್ಬರು ಆಸ್ಪತ್ರೆಯನ್ನು ಕಟ್ಟಿದರೆಂಬುದು ಸಾಮಾನ್ಯ ಸಂಗತಿಯಲ್ಲ. ಆದರೆ ವಾಚಕರು ಇನ್ನೊಂದನ್ನೂ ಗಮನಿಸಬೇಕು. ರೋಗಿಯ ಪ್ರಾಣವನ್ನು ನಂಬಿ ಒಪ್ಪಿಸಿದ ಆ ಕೈಗೆ, ಅಂದಿನ ಸಭೆಯಲ್ಲಿ ಕರ್ತನ ಭೋಜನದ ರೊಟ್ಟಿಯನ್ನು ಮುರಿದು ಹಂಚುವ ಅಧಿಕಾರವಿರಲಿಲ್ಲ.

ಇಲ್ಲಿ ಪಂಡಿತನ ಚಾಪಲ್ಯವೊಂದನ್ನು ಮನ್ನಿಸಬೇಕು. ನಮ್ಮ ಕೊಂಕಣಿ ಕೆಥೊಲಿಕರು ತಮ್ಮ ದೇವಾಲಯವನ್ನು ಇಗರ್ಜಿ ಎನ್ನುತ್ತಾರೆ. ಅದು ಪೋರ್ಚುಗೀಸರಿಂದ ಬಂದ ಮಾತು. ಬಾಸೆಲ್ ಮಿಷನ್ನಿನವರು ಬಳಸಿದ್ದು 'ಸಭೆ' ಎಂಬ ಪದ. ನಾಲ್ವರು ಕೂಡಿ ಮಾತಾಡುವ ಸ್ಥಳವಲ್ಲವೆ ಸಭೆಯೆಂದರೆ? ಆ ಸಭೆಯಲ್ಲಿ ಸ್ತ್ರೀಯರು ಸುಮ್ಮನಿರಬೇಕೆಂದು ಪೌಲನು ಕೊರಿಂಥದವರಿಗೆ ಬರೆದದ್ದು ಎಲ್ಲರಿಗೂ ನೆನಪಿನಲ್ಲಿ ಉಳಿಯಿತು. ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಅದೇ ಪೌಲನು ಗಲಾತ್ಯದವರಿಗೆ ಬರೆದದ್ದು ಮಾತ್ರ ಅಷ್ಟಾಗಿ ನೆನಪಾಗಲಿಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು, ಅಕ್ಷರ ಕಲಿಸಿದರು, ಹೊಲಿಗೆ ಕಲಿಸಿದರು. ಆ ಉಪಕಾರ ದೊಡ್ಡದು. ಆದರೆ ತುಳುನಾಡಿನಲ್ಲಿ ಆ ಸಭೆಗೆ ಸೇರಿದವರಲ್ಲಿ ಬಹುಮಂದಿ ಬಿಲ್ಲವರು; ಅವರದು ಅಳಿಯಕಟ್ಟು. ಮನೆ, ವಂಶ, ಆಸ್ತಿ ಎಲ್ಲವೂ ತಾಯಿಯ ಕಡೆಯಿಂದ ಇಳಿದುಬರುತ್ತಿದ್ದ ಕುಟುಂಬದ ಹೆಣ್ಣು, ಸಭೆಗೆ ಸೇರಿದೊಡನೆ ಗಂಡನ ಮನೆಯ ಸೊಸೆಯಾದಳು. ಅಳಿಯಕಟ್ಟಿನ ಮನೆಯಲ್ಲಿಯೂ ಯಜಮಾನಿಕೆ ಹೆಚ್ಚಾಗಿ ಮಾವನದೇ ಎಂಬುದು ನಿಜ. ಆದರೂ ತಾಯಿಮನೆಯ ನೆಲದ ಮೇಲೆ ಅವಳಿಗಿದ್ದ ಹಕ್ಕು ಸಣ್ಣದಾಗಿರಲಿಲ್ಲ. ಈ ನಷ್ಟದ ಲೆಕ್ಕವನ್ನು ನಮ್ಮ ಚರಿತ್ರಕಾರರು ಸಾಕಷ್ಟು ಬರೆದಿಲ್ಲವೆಂದು ನನ್ನ ಅಭಿಪ್ರಾಯ.

ಕೆಥೊಲಿಕರಲ್ಲಿ ಸ್ತ್ರೀಯರ ಸಂಘಟನೆ ಮೊದಲು ಕನ್ಯಾಮಠಗಳಲ್ಲಿ ಬೆಳೆಯಿತು. ಅಪೊಸ್ತಲಿಕ್ ಕಾರ್ಮೆಲಿನ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದರು; 1921ರಲ್ಲಿ ಅವರ ಸಂತ ಆಗ್ನೆಸ್ ಕಾಲೇಜು ಆರಂಭವಾಯಿತು. ಅದೇ ವರ್ಷ ಮಂಗಳೂರಿನಲ್ಲಿಯೇ ಬೆಥನಿ ಸಂಸ್ಥೆ ಹುಟ್ಟಿತು. ಮಠ ಸೇರುವುದಕ್ಕೂ ದಕ್ಷಿಣೆ ತರಬೇಕಾಗಿದ್ದ ಕಾಲ ಅದು. ಬಡವರ ಮನೆಯ ಹುಡುಗಿಯರಿಗೆ ಈ ಹೊಸ ಸಂಸ್ಥೆಯಲ್ಲಿ ದಾರಿಯಾಯಿತು. ಮಠದೊಳಗೆ ಭಗಿನಿಯರು ತಮ್ಮ ಮುಖ್ಯಸ್ಥೆಯನ್ನು ತಾವೇ ಆರಿಸುತ್ತಾರೆ, ಶಾಲೆ ಆಸ್ಪತ್ರೆಗಳ ಆಡಳಿತವನ್ನು ತಾವೇ ನಡೆಸುತ್ತಾರೆ. ಮಠದ ಬಾಗಿಲು ದಾಟಿ ಇಗರ್ಜಿಗೆ ಬಂದರೆ ಆ ಅಧಿಕಾರವಿಲ್ಲ.

ಇನ್ನು ಕಾನೂನು. ತಿರುವಾಂಕೂರಿನ 1916ರ ಶಾಸನದಲ್ಲಿ ಕ್ರೈಸ್ತ ಮಗಳಿಗೆ ಮಗನ ಪಾಲಿನ ಕಾಲುಭಾಗ ಇಲ್ಲವೆ 5000 ರೂಪಾಯಿ, ಎರಡರಲ್ಲಿ ಕಡಿಮೆಯದು ಮಾತ್ರ ಸಿಗುತ್ತಿತ್ತು. ಮೇರಿ ರಾಯ್ ಎಂಬ ಮಹಿಳೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಅದನ್ನು ತೊಲಗಿಸಿದರು. ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ 1865ರ ಕಾಯಿದೆ, ಅದರ ತರುವಾಯ 1925ರ ಕಾಯಿದೆ. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಮಗಳಿಗೂ ಮಗನಷ್ಟೇ ಪಾಲು. ಕಾಗದದಲ್ಲಿ ಪಾಲೇನೋ ಇತ್ತು. ಮದುವೆಯಲ್ಲಿ ಬಂಗಾರ ಕೊಟ್ಟಾಯಿತಲ್ಲ, ಇನ್ನೇನು ಪಾಲು ಎಂಬ ಮಾತನ್ನು ಕಾಪು ಕಾರ್ಕಳಗಳ ಕಡೆ ಕೇಳದವರುಂಟೆ? ಈ ಮಾತಿಗೆ ಜಾತಿಮತದ ಭೇದವಿಲ್ಲ.

ವಿವಾಹ ವಿಚ್ಛೇದನದ 1869ರ ಕಾಯಿದೆಯಂತೂ ಪಕ್ಷಪಾತವನ್ನು ಬಚ್ಚಿಡಲೂ ಇಲ್ಲ. ಹೆಂಡತಿಯ ವ್ಯಭಿಚಾರವೊಂದೇ ಗಂಡನಿಗೆ ಸಾಕು. ಹೆಂಡತಿಯಾದರೋ ಸಾಮಾನ್ಯವಾಗಿ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ತೋರಿಸಬೇಕು. ಜ್ಯೋತ್ಸ್ನಾ ಚಟರ್ಜಿಯವರ ಜಾಯಿಂಟ್ ವಿಮೆನ್ಸ್ ಪ್ರೋಗ್ರಾಮ್ ಮೊದಲಾದ ಸ್ತ್ರೀಸಂಘಟನೆಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 2001ರಲ್ಲಿ ಅದು ತಿದ್ದುಪಡಿಯಾಯಿತು.

ಬಾಸೆಲ್ ಮಿಷನ್ನಿನ ನಮ್ಮ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿದುವು. ಆ ಸಭೆಯು 1976ರಲ್ಲಿ ಸ್ತ್ರೀಗೆ ಗುರುದೀಕ್ಷೆ ನೀಡಿತು. 1947ರಲ್ಲಿ ಹುಟ್ಟಿದ ಸಭೆಗೆ ಇದಕ್ಕಾಗಿ ಇಪ್ಪತ್ತೊಂಬತ್ತು ವರ್ಷ ಬೇಕಾಯಿತು. ಸ್ತ್ರೀಯೊಬ್ಬರು ಬಿಷಪರಾಗುವುದಕ್ಕೆ ಮತ್ತೆ ಮೂವತ್ತೇಳು. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಪುಷ್ಪಲಲಿತಾ ಅವರು ಬಿಷಪರಾದರು.

ಕೆಥೊಲಿಕರಲ್ಲಿ ಗುರುದೀಕ್ಷೆಯ ಬಾಗಿಲು ತೆರೆದಿಲ್ಲ. ಆದರೆ 2008ರಲ್ಲಿ ಜಮ್‌ಶೆಡ್‌ಪುರದಲ್ಲಿ ಕೂಡಿದ ಭಾರತದ ಬಿಷಪರು ಸ್ತ್ರೀಯರ ವಿಷಯವನ್ನೇ ಮುಖ್ಯವಾಗಿ ಚರ್ಚಿಸಿ, 2010ರಲ್ಲಿ ಸಮಾನತೆಯ ನೀತಿಯೊಂದನ್ನು ಹೊರತಂದರು. 2012ರಲ್ಲಿ ಉಡುಪಿಯು ಮಂಗಳೂರಿನಿಂದ ಬೇರೆಯಾಗಿ ಸ್ವತಂತ್ರ ಧರ್ಮಪ್ರಾಂತ್ಯವಾಯಿತು. ಕಾರ್ಕಳದ ಅತ್ತೂರು ಇಗರ್ಜಿಯೂ ಅದರೊಳಗೆ ಬಂದಿತು. ಇಲ್ಲಿನ ಸ್ತ್ರೀ ಸಂಘಟನೆಯವರು ಇಗರ್ಜಿ ಇಗರ್ಜಿಯಲ್ಲಿಯೂ ಸೇರುತ್ತಾರೆ. ಪಾಲನಾ ಮಂಡಳಿಯಲ್ಲಿ ಸ್ತ್ರೀಯರು ಗಂಡಸರ ಸಮಕ್ಕೆ ಕುಳಿತು ಮತ ಹೇಳಬಹುದು. ಆದರೆ 1983ರ ಧರ್ಮಸಂಹಿತೆಯಂತೆ ಆ ಮತ ಸಲಹೆ ಮಾತ್ರ, ಗಂಡಸರದಾದರೂ ಅಷ್ಟೆ. ತೀರ್ಮಾನ ಗುರುಗಳದು, ಗುರುಗಳು ಗಂಡಸರು.