ತಾಮ್ರ, ಎಣ್ಣೆ, ಅಗ್ನಿ: ಥಿಯೋಫಿಲಸನ ಒಂದು ಅಧ್ಯಾಯದ ವಿಚಾರ

ಮಧ್ಯಯುಗದ ಯೂರೋಪಿನ ಕಲಾಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ದಾನಪತ್ರಗಳನ್ನೂ, ದಾನಿಗಳಾದ ಅರಸರನ್ನೂ ಬಿಷಪ್ಪರನ್ನೂ ಆಧಾರವಾಗಿಟ್ಟುಕೊಳ್ಳುವರು. ಕುಲುಮೆಯ ಮುಂದೆ ಕುಳಿತು ಕೆಲಸಮಾಡಿದವನ ಮಾತು ನಮಗೆ ದೊರೆಯುವುದು ಅಪೂರ್ವ. ಕ್ರಿ. ಶ. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಥಿಯೋಫಿಲಸ್ ಎಂಬ ಹೆಸರನ್ನು ಧರಿಸಿದ ಪಾದ್ರಿಯೊಬ್ಬನು ಲ್ಯಾಟಿನ್ ಭಾಷೆಯಲ್ಲಿ ರಚಿಸಿದ 'ವಿವಿಧ ಕಲೆಗಳನ್ನು ಕುರಿತು' ಎಂಬ ಗ್ರಂಥವು ಅಂತಹ ಅಪೂರ್ವ ಸಾಕ್ಷ್ಯಗಳಲ್ಲೊಂದು. ಈತನೇ ಹೆಲ್ಮರ್ಸ್‌ಹೌಸನ್ನಿನ ಲೋಹಶಿಲ್ಪಿ ರೋಜರನೆಂದು ಕೆಲವು ವಿದ್ವಾಂಸರ ಊಹೆ. ಗ್ರಂಥದ ಮೂರು ಭಾಗಗಳಲ್ಲಿ ಕ್ರಮವಾಗಿ ವರ್ಣಚಿತ್ರ, ಗಾಜು, ಲೋಹಕರ್ಮ ಇವುಗಳ ನಿರೂಪಣೆಯಿದೆ. ಮೂರನೆಯ ಭಾಗದಲ್ಲಿ ತಾಮ್ರವನ್ನು ಕಪ್ಪಾಗಿಸುವ ವಿಧಾನವನ್ನು ಹೇಳುವ ಚಿಕ್ಕ ಅಧ್ಯಾಯವೇ ಪ್ರಸ್ತುತ ಲೇಖನದ ವಿಷಯ.

ಈ ಗ್ರಂಥಕ್ಕೆ ಆಧುನಿಕ ಕಾಲದಲ್ಲಿ ಪ್ರಸಿದ್ಧಿ ಬಂದುದು ಒಂದು ವಾದದಿಂದ. ಎಣ್ಣೆವರ್ಣವನ್ನು 15ನೆಯ ಶತಮಾನದಲ್ಲಿ ಯಾನ್ ವಾನ್ ಐಕನು ಕಂಡುಹಿಡಿದನೆಂದು ಇಟಲಿಯ ವಸಾರಿ ಬರೆದುದನ್ನು ಜನ ಬಹುಕಾಲ ನಂಬಿದ್ದರು. ವುಲ್ಫೆನ್‌ಬ್ಯೂಟೆಲ್ಲಿನ ಗ್ರಂಥಾಲಯಾಧಿಕಾರಿಯಾಗಿದ್ದ ಲೆಸ್ಸಿಂಗನು ಅಲ್ಲಿದ್ದ ಥಿಯೋಫಿಲಸನ ಹಸ್ತಪ್ರತಿಯನ್ನು ಆಧರಿಸಿ, ಎಣ್ಣೆಯಲ್ಲಿ ಬಣ್ಣವನ್ನು ಅರೆಯುವ ಪದ್ಧತಿ ಅದಕ್ಕಿಂತ ಬಹಳ ಹಳೆಯದೆಂದು 1774ರಲ್ಲಿ ಸಿದ್ಧಪಡಿಸಿದನು. ಅದೇ ಅಗಸೆಯೆಣ್ಣೆಗೆ ಥಿಯೋಫಿಲಸನು ಹೇಳಿರುವ ಮತ್ತೊಂದು ಉಪಯೋಗ ತಾಮ್ರದ ಮೇಲಣದು.

ಆತನು ಹೇಳುವ ಕ್ರಮವಿದು. ತಾಮ್ರದ ತಗಡಿನ ಮೇಲೆ ಹೂಬಳ್ಳಿಗಳನ್ನೋ ಅಕ್ಷರಗಳನ್ನೋ ಕೊರೆದು ಮೈಯನ್ನು ಉಜ್ಜಿ ಶುದ್ಧಿಗೊಳಿಸಬೇಕು. ಬಾತಿನ ಗರಿಯಿಂದ ಅಗಸೆಯೆಣ್ಣೆಯನ್ನು ಸವರಿ ಕೆಂಡದ ಮೇಲಿಡಬೇಕು. ಎಣ್ಣೆಯು ಕರಗಿ ಹರಡಿದ ಮೇಲೆ ಮತ್ತೆ ಸವರಿ ಮತ್ತೆ ಕಾಯಿಸಬೇಕು. ಲೇಪವು ಸಮನಾದ ಮೇಲೆ ಬಲವಾದ ಬೆಂಕಿಯಲ್ಲಿ ಹೊಗೆ ಪೂರ್ತಿ ನಿಲ್ಲುವವರೆಗೆ ಇರಿಸಬೇಕು. ತಗಡು ತಾನಾಗಿಯೇ ಆರಬೇಕು, ನೀರಿನಲ್ಲಿ ತಣಿಸಕೂಡದು. ಅನಂತರ ಹೂಗಳ ಮೇಲಿನ ಕಪ್ಪನ್ನು ಹರಿತವಾದ ಉಪಕರಣದಿಂದ ಕೆರೆದು, ತಾಮ್ರವು ಕಂಡೆಡೆಗೆ ಚಿನ್ನದ ಮುಲಾಮು ಕೊಡಬೇಕು.

ಇಂತಹ ಪಾಠವನ್ನು ಓದಿ ಮುಗಿಸಿದರೆ ಸಾಲದು, ಕೈಯಿಂದ ಮಾಡಿ ನೋಡಬೇಕೆಂದು ನಮಗೆ ತೋರಿತು. ಆದುದರಿಂದ ನಾವು ನಾಲ್ಕು ಚಿಕ್ಕ ತಾಮ್ರದ ತಗಡುಗಳನ್ನು ತಂದು, ಹುಣಿಸೆಹುಳಿ ಮತ್ತು ಉಪ್ಪಿನಿಂದ ತಿಕ್ಕಿ ತೊಳೆದು, ಒರಸಿ ಒಣಗಿಸಿ, ಇದ್ದಿಲ ಒಲೆಯ ಮೇಲೆ ಪರೀಕ್ಷಿಸಿದೆವು. ಎಣ್ಣೆಯು ಗಾಣದಿಂದ ತಂದುದು.

ಮೊದಲನೆಯ ತಗಡಿಗೆ ಎಣ್ಣೆಯನ್ನು ಹಚ್ಚಲಿಲ್ಲ. ಕಾವು ಏರಿದಂತೆ ಅದರ ಮೇಲೆ ಕಿತ್ತಳೆ, ಕೆಂಪು, ನೇರಿಳೆ, ನೀಲಿ ಬಣ್ಣಗಳು ಒಂದಾದಮೇಲೊಂದು ಮೂಡಿ, ಕೊನೆಗೆ ಮಸುಕಾಯಿತು. ಇವು ಹಚ್ಚಿದ ಬಣ್ಣಗಳಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿ ತಾಮ್ರದ ಮೇಲೆ ಬೆಳೆಯುವ ಅತಿ ತೆಳುವಾದ ಆಕ್ಸೈಡಿನ ಪೊರೆಯ ಎರಡು ಮೈಗಳಿಂದ ಹಿಂದಿರುಗುವ ಬೆಳಕಿನ ಅಲೆಗಳು ಪರಸ್ಪರ ಕೂಡಿ ಇಲ್ಲವೆ ಕಳೆದು ಈ ವರ್ಣಗಳು ತೋರುವುವು. ಪೊರೆಯು ದಪ್ಪವಾದಂತೆ ವರ್ಣವೂ ಬದಲಾಗುವುದು. ನೋಡಲು ಅತಿ ಮನೋಹರವಾದ ಈ ಬಣ್ಣಗಳು ಹುಣಿಸೆಹುಳಿಯಿಂದ ಒಮ್ಮೆ ತಿಕ್ಕಿದೊಡನೆ ಮಾಯವಾದವು.

ಎರಡನೆಯದಕ್ಕೆ ಎಣ್ಣೆಯನ್ನು ಧಾರಾಳವಾಗಿ ಹಚ್ಚಿದೆವು. ಅದು ಹನಿಗಟ್ಟಿ ಹರಿದು ಗುಳ್ಳೆಯೆದ್ದು ಕೆಟ್ಟಿತು. ಮೂರನೆಯದಕ್ಕೆ ಗರಿಯಿಂದ ತೆಳುವಾಗಿ ಹಲವು ಸಲ ಸವರಿ ಕಾಯಿಸಿದೆವು. ಹೊಂಬಣ್ಣವು ಕಂದಾಗಿ, ಕಂದು ಕಪ್ಪಿಗೆ ಸಮೀಪಿಸಿತು. ಹುಣಿಸೆಹುಳಿಯ ತಿಕ್ಕಿಗೆ ಇದು ಜಗ್ಗಲಿಲ್ಲ. ನಾಲ್ಕನೆಯದನ್ನೂ ಹೀಗೆಯೇ ಸಿದ್ಧಪಡಿಸಿ ಬಿಸಿಯಾಗಿರುವಾಗಲೇ ನೀರಿಗೆ ಹಾಕಲು, ಲೇಪವು ಅಂಚುಗಳಲ್ಲಿ ಬಿರುಕುಬಿಟ್ಟು ಎದ್ದಿತು. ನೀರಿನಲ್ಲಿ ತಣಿಸಕೂಡದೆಂಬ ಮಾತನ್ನು ನಾವು ಮೊದಲ ಓದಿನಲ್ಲಿ ಲಕ್ಷಿಸದೆ ದಾಟಿದ್ದೆವು. ಅದು ಅಲಂಕಾರದ ಮಾತಲ್ಲ. ತಗಡು ಕೆಡಿಸಿಕೊಂಡವನ ಮಾತು.

ನಮ್ಮ ಪರೀಕ್ಷೆಯಿಂದ 12ನೆಯ ಶತಮಾನದ ಕರ್ಮಶಾಲೆಗಳಲ್ಲಿ ನಡೆದುದೆಲ್ಲವೂ ಸಿದ್ಧವಾಗುವುದಿಲ್ಲ. ಪಾಠದಲ್ಲಿ ಹೇಳಿರುವುದು ಕೆಲಸಕ್ಕೆ ಬರುವಂಥದು, ಅದರ ಒಂದೊಂದು ಎಚ್ಚರಿಕೆಗೂ ಕಾರಣವುಂಟು ಎಂಬಷ್ಟು ಮಾತ್ರ ಸಿದ್ಧವಾಗುತ್ತದೆ. ಆದರೆ ಇಷ್ಟರಿಂದಲೇ ಒಂದು ಹಳೆಯ ಗೊಂದಲವು ಪರಿಹಾರವಾಗುತ್ತದೆ. ಈ ಕೆಲಸವನ್ನು ಫ್ರೆಂಚರು 'ಕಂದು ಎನಾಮಲ್' ಎಂಬರ್ಥದ ಹೆಸರಿನಿಂದಲೂ, ಜರ್ಮನರು 'ಕಂದು ವಾರ್ನಿಷ್' ಎಂಬರ್ಥದ ಹೆಸರಿನಿಂದಲೂ ಕರೆದರು. ಎನಾಮಲ್ ಎಂದರೆ ಲೋಹದ ಮೇಲೆ ಕರಗಿಸಿ ಕೂಡಿಸಿದ ಗಾಜು; ಇಲ್ಲಿ ಗಾಜಿನ ಲೇಶವೂ ಇಲ್ಲ. ವಾರ್ನಿಷೆಂಬುದು ಸತ್ಯಕ್ಕೆ ಸಮೀಪವಾದರೂ, ಬೆಂಕಿಯ ಪಾತ್ರವನ್ನು ಮರೆಮಾಚುತ್ತದೆ. ಕಾವಿನಿಂದ ಗಟ್ಟಿಯಾದ ಎಣ್ಣೆ, ಅದರಡಿಯಲ್ಲಿ ಬಣ್ಣಗೆಟ್ಟ ತಾಮ್ರ, ಇವೆರಡೂ ಸೇರಿ ಆದ ಮೈಯಿದು. ಚಿತ್ರಕಾರನ ಕೆಲಸವೂ ಹೌದು, ಕುಲುಮೆಯ ಕೆಲಸವೂ ಹೌದು.

ಇದರಲ್ಲಿ ಇನ್ನೊಂದು ಯುಕ್ತಿಯಿದೆ. ಪಾದರಸದಲ್ಲಿ ಬೆರಸಿದ ಚಿನ್ನವು ಶುದ್ಧವಾದ ತಾಮ್ರವನ್ನು ಹಿಡಿಯುವುದೇ ಹೊರತು ಈ ಕಪ್ಪು ಮೈಯನ್ನು ಹಿಡಿಯುವುದಿಲ್ಲ. ಹೀಗಾಗಿ ಕಪ್ಪು ಲೇಪವು ಹಿನ್ನೆಲೆಯ ಶೋಭೆಯೂ ಆಯಿತು, ಚಿನ್ನಕ್ಕೆ ಎಲ್ಲೆಯೂ ಆಯಿತು. ಜರ್ಮನಿಯ ಕೋಂಬುರ್ಗ್ ಮಠದ ಚರ್ಚಿನಲ್ಲಿ ತೂಗುವ 12ನೆಯ ಶತಮಾನದ ಚಕ್ರಾಕಾರದ ಮಹಾದೀಪದಲ್ಲಿ ಈ ಕೆಲಸವನ್ನು ಇಂದಿಗೂ ಕಾಣಬಹುದು. 11 ಮತ್ತು 12ನೆಯ ಶತಮಾನಗಳ ಇಂತಹ ಚಕ್ರದೀಪಗಳು ಆ ದೇಶದಲ್ಲಿ ಉಳಿದಿರುವುದು ನಾಲ್ಕೇ.

ನಮ್ಮ ನಾಡಿನ ಓದುಗರಿಗೆ ಇಲ್ಲಿ ಬೀದರಿನ ಕೆಲಸವು ನೆನಪಾಗದಿರದು. ಎರಡಕ್ಕೂ ಚಾರಿತ್ರಿಕ ಸಂಬಂಧವನ್ನು ನಾವು ಕಲ್ಪಿಸುವುದಿಲ್ಲ. ಹೋಲಿಕೆಯಿರುವುದು ಕಪ್ಪು ನೆಲದ ಮೇಲೆ ಹೊಳೆಯುವ ಲೋಹವೆಂಬ ತತ್ತ್ವದಲ್ಲಿ. ಕ್ರಮವಾದರೋ ತಿರುಗುಮುರುಗು. ಬೀದರಿನ ಕುಶಲಿಗಳು ಹೆಚ್ಚು ಸತುವೂ ಸ್ವಲ್ಪ ತಾಮ್ರವೂ ಕೂಡಿದ ಮಿಶ್ರಲೋಹದಲ್ಲಿ ಮೊದಲು ಬೆಳ್ಳಿಯನ್ನು ಕೂರಿಸಿ, ಆಮೇಲೆ ಕೋಟೆಯ ಮಣ್ಣು ಮತ್ತು ನವಸಾಗರದ ದ್ರವದಲ್ಲಿ ಕಪ್ಪಾಗಿಸುವರು. ನೆಲವು ಕಪ್ಪಾಗುವುದು, ಬೆಳ್ಳಿಯು ಹಾಗೆಯೇ ಉಳಿಯುವುದು. ಥಿಯೋಫಿಲಸನಲ್ಲಿ ಕಪ್ಪು ಮೊದಲು, ಚಿನ್ನ ಆಮೇಲೆ.

ಕೊನೆಯದಾಗಿ ಒಂದು ಮಾತು. ಬರಿಯ ಕಾವಿನಿಂದ ಮೂಡಿ ಹುಣಿಸೆಹುಳಿಗೆ ಅಳಿದುಹೋದ ಆ ಮೊದಲನೆಯ ತಗಡಿನ ಬಣ್ಣಗಳನ್ನು ತಾಮ್ರವನ್ನು ಕಾಯಿಸಿದ ಪ್ರತಿಯೊಬ್ಬ ಕುಶಲಿಯೂ ಕಂಡಿರಲೇಬೇಕು. ಕೆಲವರು ಅವುಗಳನ್ನು ಅಲಂಕಾರಕ್ಕೆ ಬಳಸಿಯೂ ಇರಬಹುದು. ಆದರೆ ತಿಕ್ಕಿದರೆ ಹೋಗುವ ಬಣ್ಣವು ಎಂಟು ಶತಮಾನ ಉಳಿದು ಸಾಕ್ಷಿ ಹೇಳಲಾರದು. ವಸ್ತುಸಂಗ್ರಹಾಲಯದಲ್ಲಿ ಉಳಿದುದನ್ನು ಮಾತ್ರ ನೋಡಿ ಕುಶಲಿಗಳಿಗೆ ತಿಳಿದುದು ಇಷ್ಟೇ ಎಂದು ನಿರ್ಣಯಿಸಿದರೆ, ಬಾಳಿಕೆ ಬಂದುದರ ಚರಿತ್ರೆಯನ್ನೇ ವಿದ್ಯೆಯ ಚರಿತ್ರೆಯೆಂದು ಭ್ರಮಿಸಿದಂತಾಗುವುದು. ಈ ಭ್ರಮೆಯಿಂದ ನಾವು ಎಚ್ಚರವಾಗಿರುವುದು ಅಗತ್ಯ.